ತಿಪ್ಪಿಯ ತಕ್ಕಡಿ, ಅಧ್ಯಕ್ಷರ ರಾಕೆಟ್ಟು

ನಮ್ಮೂರಿನಲ್ಲಿ ಸುಳ್ಳು ಹೊಗಳಿಕೆಗೆ ತೂಕವಿದೆ. ಯಾರನ್ನಾದರೂ ಯಾವುದನ್ನಾದರೂ ಇದ್ದದ್ದಕ್ಕಿಂತ ಹೆಚ್ಚು ಹೊಗಳಿದರೆ, ಹೊಗಳಿಸಿಕೊಂಡದ್ದು ಅಷ್ಟರ ಮಟ್ಟಿಗೆ ಭಾರವಾಗುತ್ತದೆ. ಹೊಗಳಿದವನು ನಾಲ್ಕು ಜನರ ಮುಂದೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ತನಕ ಆ ಭಾರ ಇಳಿಯುವುದಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನ ಹುಣಸೆಹಣ್ಣು ಯಾಕೆ ಹುಳಿ ಎಂದು ನಾನು ಕೇಳಲಿಲ್ಲವಲ್ಲ.

ಹಾಗಾಗಿ ನಮ್ಮ ಜನ ಬಾಯಿ ಬಿಗಿಹಿಡಿದು ಬದುಕುವುದನ್ನು ಕಲಿತಿದ್ದಾರೆ. ಊಟ ಹೇಗಿತ್ತು ಎಂದರೆ ಹೊಟ್ಟೆ ತುಂಬಿತು ಎನ್ನುತ್ತಾರೆ. ಹೆಣ್ಣು ನೋಡಲು ಬಂದವರಿಗೆ ತಾಯಿ ‘ಏನೋ ಇದ್ದಾಳೆ’ ಎಂದು ಮಗಳನ್ನು ತೋರಿಸುತ್ತಾಳೆ. ಸತ್ತವರ ಗುಣಗಾನವೆಲ್ಲ ಮಣ್ಣು ಮಾಡಿ ಬಂದ ಮೇಲೆಯೇ ಆಗಬೇಕೆಂದು ಚಟ್ಟ ಹೊರುವವರು ಹಟ ಹಿಡಿಯುತ್ತಾರೆ. ಮಕ್ಕಳಿಗೆ ತಿಪ್ಪ, ಕಲ್ಲ, ಕರಿಯ ಎಂದು ಹೆಸರಿಡುತ್ತೇವೆ, ಯಾಕೆಂದರೆ ತೊಟ್ಟಿಲಿನಿಂದ ಎತ್ತಿಕೊಳ್ಳಬೇಕಲ್ಲ. ನನ್ನ ಹೆಸರು ಕಾಳಮ್ಮ. ಸಂತೆಯಲ್ಲಿ ತರಕಾರಿಯವರು ತಕ್ಕಡಿ ಎತ್ತಿದ ಕೂಡಲೇ ಗಿರಾಕಿಗಳು ‘ಬಾಯಿ ಮುಚ್ಚು’ ಎನ್ನುತ್ತಾರೆ. ‘ಎಳೆ ಬದನೆಕಾಯಿ ಕಣವ್ವ, ಬೆಣ್ಣೆ ಇದ್ದಂಗೈತೆ’ ಎಂದು ಒಂದು ಮಾತು ಬಿಟ್ಟರೆ ಎರಡು ಬದನೆಕಾಯಿ ಕಡಿಮೆ ಹಾಕಿದರೂ ತೂಕ ಸರಿಹೋಗುತ್ತದೆ.

ಹಾಗಾದರೆ ನಿಮ್ಮೂರಿನಲ್ಲಿ ಹೊಗಳುಭಟರೇ ಇಲ್ಲವೇ ಎಂದರೆ, ಧಾರಾಳವಾಗಿ ಇದ್ದಾರೆ. ಭಾರ ಬೀಳುವುದು ಹೊಗಳಿಸಿಕೊಂಡವನ ಮೇಲೆ ತಾನೆ, ಹೊಗಳಿದವನ ಗಂಟೇನು ಹೋಯಿತು? ನಮ್ಮ ಹೈಸ್ಕೂಲಿನ ಆಡಳಿತ ಸಮಿತಿಯ ಅಧ್ಯಕ್ಷರು, ಅಕ್ಕಿ ಗಿರಣಿಯ ಭರಮಪ್ಪನವರು, ನೋಡಲು ಒಣಗಿದ ನುಗ್ಗೆಕಾಯಿಯಂತಿದ್ದಾರೆ. ಆದರೆ ಅವರನ್ನು ಕುರ್ಚಿಯಿಂದ ಎಬ್ಬಿಸಲು ನಾಲ್ಕು ಆಳು ಬೇಕು. ಮರದ ಕುರ್ಚಿಗಳೆಲ್ಲ ಮುರಿದ ಮೇಲೆ ಶಾಲೆಯ ಜಗುಲಿಯಲ್ಲಿ ಅವರಿಗೆಂದೇ ಒಂದು ಕಲ್ಲಿನ ಪೀಠ ಕಟ್ಟಿಸಿದ್ದಾರೆ. ಇದೆಲ್ಲ ವಾಯುವಿನಿಂದ ಎಂದು ಅವರು ನಂಬಿದ್ದಾರೆ. ವಾಯುವೇ ಇರಬೇಕು ಎಂದು ಸುತ್ತ ನಿಂತವರೂ ಹೇಳುತ್ತಾರೆ.

ನಾನು ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಬಾಯಿ ಒರಟು. ಹೆಡ್‌ಮಾಸ್ತರ್ ತಮ್ಮಣ್ಣಯ್ಯ ಇದನ್ನು ನನ್ನ ಮುಂದೆಯೇ ಹೇಳುತ್ತಾರೆ, ನಾನು ಒಪ್ಪಿಕೊಳ್ಳುತ್ತೇನೆ. ಇದೆಲ್ಲ ನಡೆಯುವ ತನಕ ನಾನು ಒಂದು ಮಗುವನ್ನೂ ಹೊಗಳಿರಲಿಲ್ಲ. ಹೊಗಳುವ ಸಂದರ್ಭವೂ ಬಂದಿರಲಿಲ್ಲ ಅನ್ನಿ.

ತಿಪ್ಪಿ ಒಂಬತ್ತನೇ ಕ್ಲಾಸಿನ ಹುಡುಗಿ. ಅವಳ ತಾಯಿ ಸಣ್ಣಮ್ಮ ಸಂತೆಯಲ್ಲಿ ತರಕಾರಿ ಮಾರುತ್ತಾಳೆ, ತಕ್ಕಡಿ ಎತ್ತಿದಾಗ ಬಾಯಿ ಮುಚ್ಚದವಳು ಎಂದೇ ಹೆಸರುವಾಸಿ. ಮುಚ್ಚು ಎಂದು ಗದರಿದರೆ ಕೆಮ್ಮಿದಂತೆ ಮಾಡಿ ಆ ಕೆಮ್ಮಿನೊಳಗೇ ಹೀರೆಕಾಯಿಯನ್ನು ಹೊಗಳಿಬಿಡುತ್ತಾಳೆ. ಮಗಳ ವಿಜ್ಞಾನ ಹುಟ್ಟಿದ್ದು ಈ ತಾಯಿಯ ಮೋಸದಿಂದ. ಒಂದು ದಿನ ತಿಪ್ಪಿ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದಳು, “ಟೀಚರ್, ‘ಬೆಣ್ಣೆ ಇದ್ದಂಗೈತೆ’ ಅಂದ್ರೆ ಎಷ್ಟು ಭಾರ ಆಗುತ್ತೆ? ‘ಚಿನ್ನ ಇದ್ದಂಗೈತೆ’ ಅಂದ್ರೆ ಎಷ್ಟಾಗುತ್ತೆ? ಯಾರಾದ್ರೂ ಅಳೆದಿದಾರಾ?”

ಯಾರೂ ಅಳೆದಿರಲಿಲ್ಲ. ತಲೆತಲಾಂತರದಿಂದ ಆ ಭಾರವನ್ನು ಹೊತ್ತುಕೊಂಡೇ ಬಂದಿದ್ದೇವೆ, ಅಳೆಯಬೇಕೆಂದು ಒಬ್ಬರಿಗೂ ತೋಚಿರಲಿಲ್ಲ. ವಿಜ್ಞಾನದ ಟೀಚರ್ ಎಂದು ಸಂಬಳ ತೆಗೆದುಕೊಳ್ಳುವ ನನಗೂ ತೋಚಿರಲಿಲ್ಲ. ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಸಂತೋಷವಾಯಿತು. “ನೀನೇ ಅಳೆ, ಬಾಯಿ ಮಾತಲ್ಲಿ ಕೇಳ್ತೀಯಲ್ಲ” ಎಂದು ಗದರಿ ಕೂರಿಸಿದೆ.

ಅವಳು ಅಳೆದೇಬಿಟ್ಟಳು. ಬಿದಿರಿನ ದಬ್ಬೆಯ ಎರಡು ತುದಿಗೆ ಎರಡು ತೆಂಗಿನ ಕರಟ ಕಟ್ಟಿದಳು, ನಡುವೆ ಪೊರಕೆಕಡ್ಡಿಯನ್ನು ಮುಳ್ಳಾಗಿ ನಿಲ್ಲಿಸಿದಳು, ಅದರ ಹಿಂದೆ ಗೆರೆ ಎಳೆದ ರಟ್ಟು ಅಂಟಿಸಿದಳು. ತೂಕದ ಕಲ್ಲಿಗೆ ಬದಲು ಗುಲಗಂಜಿ. ಒಂದು ಕರಟದಲ್ಲಿ ಆಲೂಗಡ್ಡೆ ಇಟ್ಟು, ಇನ್ನೊಂದರಲ್ಲಿ ಗುಲಗಂಜಿ ಹಾಕಿ ಸಮ ಮಾಡಿ, ಆಮೇಲೆ ಆಲೂಗಡ್ಡೆಯನ್ನು ಹೊಗಳುವುದು. ಮುಳ್ಳು ವಾಲಿದರೆ ಮತ್ತೆ ಸಮವಾಗುವ ತನಕ ಗುಲಗಂಜಿ ಸೇರಿಸುವುದು. ‘ಪರವಾಗಿಲ್ಲ’ ಎಂದರೆ ಮುಳ್ಳು ಅಲ್ಲಾಡುವುದಿಲ್ಲ. ‘ಚಿನ್ನ’ ಎಂದರೆ ಒಂದು ಹಿಡಿ ಗುಲಗಂಜಿ ಬೇಕು. ಇಂಗ್ಲಿಷಿನಲ್ಲಿ ಹೊಗಳಿದರೆ ಇನ್ನೂ ಒಂದು ಹಿಡಿ ಜಾಸ್ತಿ. ನಿಜವನ್ನೇ ಹೇಳಿದರೆ ಮಾತ್ರ ಎಷ್ಟು ಹೊತ್ತು ಹೊಗಳಿದರೂ ಮುಳ್ಳು ನೆಟ್ಟಗೆ ನಿಲ್ಲುತ್ತದೆ. ಇದನ್ನೆಲ್ಲ ಅವಳು ನನಗೆ ತೋರಿಸಿದಾಗ ನನ್ನ ಬಾಯಿಗೆ ಒಂದು ಮಾತು ಬಂದಿತ್ತು. ಅಭ್ಯಾಸವಿಲ್ಲದ್ದರಿಂದ ನುಂಗಿಕೊಂಡೆ.

“ಇನ್ನೂ ಅರ್ಧ ಐತೆ ಟೀಚರ್” ಎಂದಳು ಅವಳು. “ಹೊಳೆ ಆಚೆ ಊರಲ್ಲಿ ಎಷ್ಟು ಸುಳ್ಳು ಹೊಗಳಿದ್ರೂ ಭಾರವೇ ಆಗಲ್ವಂತೆ. ನಿಜವಾ? ಭಾರ ಆಗದೇ ಇದ್ರೆ ಅದು ಎಲ್ಲಿಗೆ ಹೋಗುತ್ತೆ? ಅಲ್ಲಿ ಒಂದ್ಸಲ ತೂಗಬೇಕು.”

ಹೊಳೆಯಾಚೆಯದು ತಾಲೂಕು ಊರು. ಹೋಗಿಬಂದವರೆಲ್ಲ ಹಾಗೆಯೇ ಹೇಳುತ್ತಾರೆ. ಆದರೆ ಸಣ್ಣಮ್ಮ ಮಗಳನ್ನು ಹೊಳೆ ದಾಟಿಸುವವಳಲ್ಲ. ಆಚೆ ಹೋದ ಹೆಣ್ಣುಮಕ್ಕಳು ಸುಳ್ಳು ಹೇಳುವುದನ್ನು ಕಲಿತು ಬರುತ್ತಾರೆ ಎಂದು ಕೆಮ್ಮುತ್ತ ಹೀರೆಕಾಯಿ ತೂಗುವ ಆ ಹೆಂಗಸಿಗೆ ಭಯ. ಶಾಲೆಯ ವಿಜ್ಞಾನ ಸ್ಪರ್ಧೆಯಲ್ಲಿ ಗೆದ್ದು ಆಚೆಯ ತಾಲೂಕು ಸ್ಪರ್ಧೆಗೆ ಶಾಲೆಯ ವತಿಯಿಂದ ಹೋದರೆ ಹೋಗಲಿ, ಇಲ್ಲದಿದ್ದರೆ ಪರೀಕ್ಷೆ ಮುಗಿಯುತ್ತಲೇ ಅಂಗಡಿಯಲ್ಲಿ ಕೂರಲಿ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಹಾಗಾಗಿ ತಿಪ್ಪಿಗೆ ಬೇಕಾಗಿದ್ದದ್ದು ಬಹುಮಾನವಲ್ಲ, ಆಚೆ ದಡ.

ನಮ್ಮ ಶಾಲೆಯ ವಿಜ್ಞಾನ ಸ್ಪರ್ಧೆಗೆ ಒಂದು ಪದ್ಧತಿಯಿದೆ. ತೀರ್ಪುಗಾರರು ಬಾಯಿತುಂಬ ನೀರು ತುಂಬಿಕೊಂಡು, ತುಟಿ ಬಿಗಿದು ಮಾದರಿಗಳ ಸುತ್ತ ನಡೆಯಬೇಕು. ಪ್ರತಿ ಮಾದರಿಯ ಮುಂದೆ ಒಂದು ಲೋಟವಿರುತ್ತದೆ, ಅದರೊಳಗೆ ತೋಚಿದಷ್ಟು ಹುಣಸೆಬೀಜ ಹಾಕಬೇಕು, ಅಷ್ಟೇ. ಗೆದ್ದ ಮಾದರಿಯನ್ನು ಅದನ್ನು ಮಾಡಿದ ಮಗುವೇ, ಯಾರ ಸಹಾಯವೂ ಇಲ್ಲದೆ, ಹೊತ್ತುಕೊಂಡು ಹೊಳೆಯ ಮೆಟ್ಟಿಲಿಳಿದು ದೋಣಿಯಲ್ಲಿ ಇಡಬೇಕು. ಮೊದಲ ಬಹುಮಾನದವರಿಂದ ಆಗದಿದ್ದರೆ ಎರಡನೆಯವರಿಗೆ ಅವಕಾಶ. ಇಬ್ಬರಿಂದಲೂ ಆಗದಿದ್ದರೆ ಸಮಿತಿ ಹೇಳಿದ ಹಾಗೆ. ಈ ನಿಯಮ ಮಾಡಿದವರು ನ್ಯಾಯವಂತರೇನಲ್ಲ, ದೋಣಿಯವರು. ಹಿಂದೆ ಒಂದು ವರ್ಷ ಊರೆಲ್ಲ ಹೊಗಳಿದ ಮಣ್ಣಿನ ಜ್ವಾಲಾಮುಖಿಯ ಮಾದರಿಯೊಂದನ್ನು ಹೇರಿಕೊಂಡು ದೋಣಿ ದಡದಲ್ಲೇ ಕೂತುಬಿಟ್ಟಿತ್ತು. ನಮ್ಮೂರಿನಲ್ಲಿ ನ್ಯಾಯ ಅಂತ ಏನಾದರೂ ಇದ್ದರೆ ಅದು ಮುಳುಗುವ ಭಯದಿಂದ ಬಂದದ್ದು.

ಈ ವರ್ಷ ತೀರ್ಪುಗಾರರು ಮೂವರು. ಹೆಡ್‌ಮಾಸ್ತರ್ ತಮ್ಮಣ್ಣಯ್ಯ, ಅಧ್ಯಕ್ಷರ ಭಾವಮೈದ ನಿಂಗಪ್ಪ ಮತ್ತು ನಾನು. ಅಧ್ಯಕ್ಷರ ಮೊಮ್ಮಗ ಸ್ಪರ್ಧೆಯಲ್ಲಿದ್ದಾನೆ, ಭಾವಮೈದ ತೀರ್ಪು ಕೊಡುವುದು ಹೇಗೆ ಎಂದು ನಾನು ಕೇಳಿದೆ. “ಹುಡುಗನಿಗೆ ಅವರು ತಾತ ಅಲ್ಲವಲ್ಲ ಕಾಳಮ್ಮನೋರೆ, ತಾತನ ಹೆಂಡತಿಯ ತಮ್ಮ ತಾನೆ” ಎಂದರು ತಮ್ಮಣ್ಣಯ್ಯ. ಅಳಿಯ ಅಲ್ಲ, ಮಗಳ ಗಂಡ.

ಮೊಮ್ಮಗನ ಹೆಸರು ಧೀಮಂತ. ನಮ್ಮೂರಿನಲ್ಲಿ ಅಂಥ ಹೆಸರಿಡುವ ಧೈರ್ಯ ಭರಮಪ್ಪನವರಿಗೆ ಮಾತ್ರ ಇತ್ತು. ನಾಮಕರಣದ ದಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದಂತೆ ತೊಟ್ಟಿಲಿನ ಹಗ್ಗ ಕಿತ್ತು ಬಂದು, ಅಂದಿನಿಂದ ಎಲ್ಲರೂ ಅವನನ್ನು ಪುಟ್ಟು ಎನ್ನುತ್ತಾರೆ. ಕೆಟ್ಟ ಹುಡುಗನಲ್ಲ. ಅವನ ಮಾದರಿ ಒಂದು ರಾಕೆಟ್ಟು. ಎದೆಯೆತ್ತರ, ಬೆಳ್ಳಿ ಬಣ್ಣ, ಗುಂಡಿ ಒತ್ತಿದರೆ ಕೆಂಪು ದೀಪ ಹತ್ತಿ ಒಳಗಿನಿಂದ ಯಾರೋ ಇಂಗ್ಲಿಷಿನಲ್ಲಿ ‘ತ್ರೀ, ಟೂ, ವನ್’ ಎನ್ನುತ್ತಿದ್ದರು. ಹೊಳೆಯಾಚೆಯ ಅಂಗಡಿಯಿಂದ ಬಂದದ್ದೆಂದು ಶಾಲೆಯ ಗೋಡೆಗಳಿಗೂ ಗೊತ್ತಿತ್ತು. ಬಾಯಲ್ಲಿ ನೀರಿದ್ದರಿಂದ ನಾನು ಕೈಸನ್ನೆಯಲ್ಲಿ ಇದರ ಸೆಲ್ಲು ಎಲ್ಲಿದೆ ಎಂದು ಕೇಳಿದೆ. ಪುಟ್ಟು ಸುತ್ತೆಲ್ಲ ಹುಡುಕಿ ನನ್ನ ಮುಖ ನೋಡಿದ. ಅಷ್ಟರಲ್ಲಿ ನಿಂಗಪ್ಪನವರು ನೀರನ್ನು ಗುಟುಕ್ಕನೆ ನುಂಗಿ, “ಏನ್ ತಲೆ ಸ್ವಾಮಿ ನಮ್ಮ ಹುಡುಗಂದು” ಎಂದುಬಿಟ್ಟರು. ಮಾದರಿಯ ಮುಂದೆ ಅದನ್ನು ಮಾಡಿದವನನ್ನು ಹೊಗಳಿದರೆ ಆ ಭಾರ ಮಾದರಿಗೇ. ಮೇಜು ಕಿರ್ರೆಂದಿತು.

ಹುಣಸೆಬೀಜ ಎಣಿಸಿದಾಗ ರಾಕೆಟ್ಟಿಗೆ ಮೊದಲನೆಯ ಬಹುಮಾನ, ತಿಪ್ಪಿಗೆ ಎರಡನೆಯದು. ನಾನು ನೀರು ಉಗುಳಿ ಜಗಳಕ್ಕೆ ನಿಂತೆ. ತಕ್ಕಡಿ ಎನ್ನುವುದು ತರಕಾರಿ ಅಂಗಡಿಯ ಸಾಮಾನು, ವಿಜ್ಞಾನವಲ್ಲ ಎಂದರು ನಿಂಗಪ್ಪ. ಹೊಗಳಿದರೆ ಭಾರವಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಇದರಲ್ಲಿ ಕಂಡುಹಿಡಿದದ್ದೇನು ಎಂದರು ತಮ್ಮಣ್ಣಯ್ಯ. ಗೊತ್ತಿದ್ದರೆ ಎಷ್ಟು ಭಾರ ಎಂದು ಹೇಳಿ ನೋಡೋಣ ಎಂದೆ. ನಿಮ್ಮ ಬಾಯಿ ಒರಟು ಎಂದರು. ಜಗಳ ಅಲ್ಲಿಗೆ ಮುಗಿಯಿತು. ತಿಪ್ಪಿ ಮಾತ್ರ ಅಳಲಿಲ್ಲ, ರಾಕೆಟ್ಟಿನ ಕೆಳಗಿನ ಮೇಜಿನ ಕಾಲುಗಳನ್ನೇ ಬಗ್ಗಿ ನೋಡುತ್ತಿದ್ದಳು.

ಅಂದು ಸಂಜೆಯ ತನಕ ಊರೇ ರಾಕೆಟ್ಟು ನೋಡಲು ಬಂತು. ಏನೂ ಹೊಗಳಬೇಡಿ ಎಂದು ಭರಮಪ್ಪನವರು ಕಲ್ಲಿನ ಪೀಠದಿಂದ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಜೀವಮಾನವೆಲ್ಲ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದುಕೊಂಡು ಬಂದ ಜನ ಎದುರಿಗೆ ಅಧ್ಯಕ್ಷರನ್ನು ಕೂರಿಸಿಕೊಂಡು ಸುಮ್ಮನಿರುವುದುಂಟೇ. ಗಿರಣಿಯ ರೈಟರು ಚಂದ್ರನಿಗೇ ಹೋಗುತ್ತೆ ಎಂದರು. ಹಿಂದಿ ಮೇಷ್ಟ್ರು ಚಂದ್ರ ಏನು ಮಹಾ, ಶನಿಗ್ರಹಕ್ಕೂ ಹೋಗುತ್ತೆ ಎಂದರು. ತಮ್ಮಣ್ಣಯ್ಯನವರಂತೂ ಬೇಡ ಬೇಡವೆಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದಲೇ “ಯುಗಪುರುಷ” ಎಂದರು. ಮೇಜು ಮುರಿದು ರಾಕೆಟ್ಟು ನೆಲಕ್ಕೆ ಇಳಿಯಿತು.

ಬೆಳಿಗ್ಗೆ ದೋಣಿಯ ಹೊತ್ತಿಗೆ ಪುಟ್ಟು ಬಂದು ರಾಕೆಟ್ಟನ್ನು ತಬ್ಬಿಕೊಂಡು ಎತ್ತಲು ನೋಡಿದ. ಅದು ನೆಲದ ಕಲ್ಲಿಗೆ ಕಚ್ಚಿಕೊಂಡಿತ್ತು. ಭರಮಪ್ಪನವರ ಮುಖ ಕೆಂಪಾಯಿತು. “ಹೊಗಳಿದೋರೆಲ್ಲ ಬನ್ರೋ ಇಲ್ಲಿ, ಆಡಿದ ಮಾತು ವಾಪಸ್ ತಗೊಳ್ರಿ” ಎಂದು ಆಜ್ಞೆ ಮಾಡಿದರು.

ನಾನು ನೋಡಿದ ತಮಾಷೆಗಳಲ್ಲಿ ಅದರಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಅಂಗಳದಲ್ಲಿ ಸಾಲು ನಿಂತಿತು. ಗಿರಣಿಯ ರೈಟರು ಕೈಕಟ್ಟಿ, “ಚಂದ್ರನಿಗೆ ಹೋಗುತ್ತೆ ಅಂದಿದ್ದೆ. ಹೋಗಲ್ಲ. ಬಾಗಿಲ ತನಕಾನೂ ಹೋಗಲ್ಲ” ಎಂದರು. ಹಿಂದಿ ಮೇಷ್ಟ್ರು ಶನಿಯನ್ನು ವಾಪಸ್ಸು ತೆಗೆದುಕೊಂಡರು. ನಿಂಗಪ್ಪ ಅಕ್ಕನ ಮನೆಯವರ ಕಡೆ ನೋಡದೆ, “ತಲೆ ಅಂದಿದ್ದೆ, ಅಂಥಾ ತಲೆ ಏನಲ್ಲ” ಎಂದು ಗೊಣಗಿದರು. ತಮ್ಮಣ್ಣಯ್ಯ ಅಧ್ಯಕ್ಷರಿಗೆ ಕೈಮುಗಿದು ಅಪ್ಪಣೆ ಕೇಳಿಕೊಂಡು, “ಯುಗಪುರುಷ ಅಲ್ಲ. ಸಾಧಾರಣ ಹುಡುಗ. ಹೋದ ವರ್ಷ ಗಣಿತದಲ್ಲಿ ನಾವೇ ಪಾಸು ಮಾಡಿದ್ದು” ಎಂದರು. ಒಬ್ಬೊಬ್ಬರು ಹೇಳಿದಂತೆಲ್ಲ ರಾಕೆಟ್ಟು ನೆಲದಿಂದ ಸ್ವಲ್ಪ ಸ್ವಲ್ಪ ಸಡಿಲವಾಗುತ್ತಿತ್ತು. ಊರಿಗೆ ಊರೇ ನಿಜ ಹೇಳಿದ ಬೆಳಗು ಅದು, ಅದೂ ಸಾಮಾನು ಸಾಗಿಸುವುದಕ್ಕೆ. ನಿಜ ಹೇಳಿದ್ದಾಯಿತು, ಇನ್ನು ಬಹುಮಾನವನ್ನೂ ಬದಲಿಸೋಣವೇ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಿದೆ. ಅದು ಬೇರೆ ವಿಷಯ ಎಂದರು.

ಪುಟ್ಟು ನನ್ನ ಪಕ್ಕಕ್ಕೆ ಬಂದು ನಿಂತಿದ್ದ. “ಟೀಚರ್, ನಾನು ಒಂದು ಗಾಳಿಪಟ ಮಾಡಿದ್ದೆ. ಬಾಲ ಉದ್ದ ಆದಷ್ಟೂ ಹೇಗೆ ಹಾರುತ್ತೆ ಅಂತ. ತಾತ ಅದು ಬೇಡ ಅಂದ್ರು” ಎಂದ. ನನಗೆ ಆ ಮಗುವಿನ ಮೇಲೆ ಮರುಕ ಬಂತು. ಗಾಳಿಪಟವಾಗಿದ್ದರೆ ಒಂದು ಬೆರಳಲ್ಲಿ ಎತ್ತಿಕೊಂಡು ದೋಣಿಗೆ ಹೋಗುತ್ತಿದ್ದ.

ಎಲ್ಲರೂ ಹೇಳಿ ಮುಗಿಸಿದರು. ಪುಟ್ಟು ಮತ್ತೆ ಎತ್ತಿ ನೋಡಿದ. ಇನ್ನೂ ಆಗಲಿಲ್ಲ. ಯಾರದೋ ಒಂದು ಮಾತು ಒಳಗೆ ಉಳಿದುಕೊಂಡಿತ್ತು. ಎಲ್ಲರ ಕಣ್ಣೂ ಮೆಲ್ಲಗೆ ಕಲ್ಲಿನ ಪೀಠದ ಕಡೆ ತಿರುಗಿತು. ‘ಇದನ್ನು ಪೂರ್ತಿ ನನ್ನ ಮೊಮ್ಮಗನೇ ಮಾಡಿದ್ದು’ ಎಂದು ಮೊದಲ ದಿನವೇ ಎಲ್ಲರ ಮುಂದೆ ಹೇಳಿದವರು ಭರಮಪ್ಪನವರು. ಅವರು ಪಂಚೆಯ ಅಂಚು ಸರಿಮಾಡಿಕೊಂಡರು, ಆಕಾಶ ನೋಡಿದರು, ಕೊನೆಗೆ “ನನಗೆ ವಾಯು ಏರಿದೆ, ಮಾತಾಡೋಕಾಗಲ್ಲ” ಎಂದರು.

ನಿಯಮದ ಪ್ರಕಾರ ಈಗ ತಿಪ್ಪಿಯ ಸರದಿ. ಅವಳು ತಕ್ಕಡಿಗೆ ಕೈಹಾಕುವಷ್ಟರಲ್ಲಿ ತಮ್ಮಣ್ಣಯ್ಯ ಅಧ್ಯಕ್ಷರ ಕಿವಿಯ ಹತ್ತಿರ ಬಗ್ಗಿದರು. ನಾನು ಪಕ್ಕದಲ್ಲೇ ಇದ್ದದ್ದರಿಂದ ಕೇಳಿಸಿತು. ಇವಳ ತಕ್ಕಡಿಯನ್ನೂ ಚೆನ್ನಾಗಿ ಹೊಗಳಿ ಭಾರ ಮಾಡಿಬಿಟ್ಟರೆ ಇಬ್ಬರಿಂದಲೂ ಎತ್ತಲಾಗಲಿಲ್ಲ ಎಂದಾಗುತ್ತದೆ. ಆಮೇಲೆ ಸಮಿತಿ ಹೇಳಿದ ಹಾಗೆ. ಸಮಿತಿ ಎಂದರೆ ತಾವೇ. ಗಿರಣಿಯ ಆಳುಗಳನ್ನು ಕರೆಸಿ ರಾಕೆಟ್ಟು ಹೊರಿಸಿದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಧ್ಯಕ್ಷರಿಗೆ ವಾಯು ಇಳಿದು ಮುಖ ಅರಳಿತು.

“ತಾಳಮ್ಮ ತಿಪ್ಪಮ್ಮ” ಎಂದರು ತಮ್ಮಣ್ಣಯ್ಯ. “ಹೋಗೋ ಮುಂಚೆ ನಿನ್ನ ಮಾದರಿ ಬಗ್ಗೆ ನಾಲ್ಕು ಒಳ್ಳೆ ಮಾತಾಡ್ತೀವಿ.”

ಜನಕ್ಕೆ ಉಪಾಯ ಅರ್ಥವಾಯಿತು. ಸಣ್ಣಮ್ಮನಿಗೂ ಅರ್ಥವಾಯಿತು, ಅದು ಅವಳದೇ ವಿದ್ಯೆ ತಾನೆ. “ಬಾಯಿ ಮುಚ್ಚಿ ಸ್ವಾಮಿ” ಎಂದು ಕೂಗುತ್ತ ಮುಂದೆ ಬಂದಳು. ತಿಪ್ಪಿ ಮಾತ್ರ ತಾಯಿಯ ಸೆರಗು ಹಿಡಿದು, “ಅಮ್ಮ, ನಿನ್ನ ದೊಡ್ಡ ತಕ್ಕಡಿ ತಾ. ಹೊಗಳೋದಾದ್ರೆ ಹೊಗಳಲಿ, ಇದನ್ನೂ ತೂಗಿಬಿಡೋಣ” ಎಂದಳು. ಹೊಳೆ ದಾಟುವ ದೋಣಿ ಕಾಯುತ್ತಿದೆ, ಹುಡುಗಿಗೆ ತೂಗುವ ಚಟ. ನನಗೆ ಅವಳ ಕಪಾಳಕ್ಕೆ ಕೊಡಬೇಕೆನಿಸಿತು.

ಸಣ್ಣಮ್ಮ ತರಕಾರಿ ತಕ್ಕಡಿ ತಂದು ಎತ್ತಿ ಹಿಡಿದಳು. ಒಂದು ತಟ್ಟೆಯಲ್ಲಿ ಮಗಳ ಕರಟದ ತಕ್ಕಡಿ, ಇನ್ನೊಂದರಲ್ಲಿ ಕಲ್ಲು. ಮುಳ್ಳು ನಡುವೆ ನಿಂತಿತು. ಕೈ ಅಲ್ಲಾಡಿಸಬೇಡ ಎಂದು ಎಲ್ಲ ಗಿರಾಕಿಗಳೂ ಒಟ್ಟಿಗೆ ಎಚ್ಚರಿಸಿದರು. ತಮ್ಮಣ್ಣಯ್ಯ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. “ಇಂಥಾ ಮಾದರಿ ನಮ್ಮ ಶಾಲೆಯಲ್ಲಿ ಇದುವರೆಗೆ ಯಾರೂ ಮಾಡಿಲ್ಲ.”

ಮುಳ್ಳು ಅಲ್ಲಾಡಲಿಲ್ಲ.

ಅವರು ಸಣ್ಣಮ್ಮನ ಕೈ ನೋಡಿದರು, ಮುಳ್ಳು ನೋಡಿದರು. “ಇದನ್ನು ಪೂರ್ತಿ ಈ ಹುಡುಗಿಯೇ ಮಾಡಿದಾಳೆ” ಎಂದರು. ಅಲ್ಲಾಡಲಿಲ್ಲ. ನಿಂಗಪ್ಪ ಮುಂದೆ ಬಂದು, “ಇದರ ಮುಂದೆ ಆ ರಾಕೆಟ್ಟು ಆಟದ ಸಾಮಾನು” ಎಂದು ಜೋರಾಗಿ ಹೇಳಿದರು. ಅಲ್ಲಾಡಲಿಲ್ಲ. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ತಮ್ಮಣ್ಣಯ್ಯನವರಿಗೆ ಬೆವರು ಬಂತು. “ಅಧ್ಯಕ್ಷರ ಮೊಮ್ಮಗನಿಗಿಂತ, ಇಲ್ಲಿರೋ ಮೇಷ್ಟ್ರುಗಳಿಗಿಂತ, ನನಗಿಂತ ಇವಳಿಗೆ ವಿಜ್ಞಾನ ಚೆನ್ನಾಗಿ ಗೊತ್ತು” ಎಂದು ಒಂದೇ ಉಸಿರಿಗೆ ಹೇಳಿದರು. ಭಾರ ಮಾಡಲೆಂದು ಅವರು ಆಯ್ದು ಆಯ್ದು ಹೇಳಿದ ಸುಳ್ಳುಗಳೆಲ್ಲ ಒಂದೊಂದಾಗಿ ನಿಜವಾಗಿ ಹೋಗುತ್ತಿದ್ದವು. ಅವರಿಗೆ ಗೊತ್ತಿದ್ದದ್ದು ಹೊಗಳುವುದೊಂದೇ, ಅದರಲ್ಲಿ ಯಾವುದು ಸುಳ್ಳು ಯಾವುದು ನಿಜ ಎಂದು ಬೇರೆ ಮಾಡುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಗಿತ್ತು. ಕೊನೆಗೆ ರೋಸಿಹೋಗಿ, “ಇಡೀ ಪ್ರಪಂಚದಲ್ಲೇ ಇಂಥ ತಕ್ಕಡಿ ಇಲ್ಲ” ಎಂದರು. ಆಗ ಮುಳ್ಳು ಒಂದು ಕೂದಲೆಳೆಯಷ್ಟು ವಾಲಿತು.

“ಅದೊಂದು ಸುಳ್ಳು ಸಾರ್” ಎಂದಳು ತಿಪ್ಪಿ ಗಂಭೀರವಾಗಿ. “ಪರವಾಗಿಲ್ಲ, ಅಷ್ಟು ಭಾರ ನಾನು ಹೊರ್ತೀನಿ.” ತಕ್ಕಡಿಯನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ದೋಣಿಯಲ್ಲಿ ಕೂತಳು. ನಾನು ಸೀರೆ ಎತ್ತಿಕೊಂಡು ಅವಳ ಹಿಂದೆ ಓಡಿದೆ. ಸಣ್ಣಮ್ಮ ದಡದಿಂದಲೇ “ಏನೋ, ಹೋಗಿ ಬಾ” ಎಂದಳು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಹಾರೈಕೆಯಿಲ್ಲ.

ಹೊಳೆಯಾಚೆಯ ಶಾಲೆ ದೊಡ್ಡದು. ಬಾಗಿಲಲ್ಲೇ ಒಬ್ಬರು ನನ್ನನ್ನು ನೋಡಿ “ಬನ್ನಿ ಬನ್ನಿ, ನಿಮ್ಮಂಥ ಶಿಕ್ಷಕಿಯರೇ ದೇಶದ ಆಸ್ತಿ” ಎಂದರು. ನಾನು ಹೆದರಿ ಗೋಡೆ ಹಿಡಿದುಕೊಂಡೆ. ಏನೂ ಆಗಲಿಲ್ಲ, ಕಾಲು ಮೊದಲಿನಷ್ಟೇ ಹಗುರವಾಗಿತ್ತು. ಒಳಗೆ ಹೋದರೆ ಸಾಲಾಗಿ ಮೂರು ಮೇಜಿನ ಮೇಲೆ ಅದೇ ರಾಕೆಟ್ಟು. ಬೆಳ್ಳಿ ಬಣ್ಣ, ಕೆಂಪು ದೀಪ, ‘ತ್ರೀ, ಟೂ, ವನ್’. ಇಲ್ಲಿ ಅವುಗಳನ್ನು ಹೊಗಳಿದಷ್ಟೂ ಜನ ಎರಡು ಬೆರಳಲ್ಲಿ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ತಿಪ್ಪಿ ತಕ್ಕಡಿ ನಿಲ್ಲಿಸಿ ಆಲೂಗಡ್ಡೆ ಇಟ್ಟಳು. ತೀರ್ಪುಗಾರರು ಬಂದಾಗ, ಇದನ್ನು ಎಷ್ಟು ಬೇಕಾದರೂ ಹೊಗಳಿ ಸಾರ್ ಎಂದಳು. ಅವರಿಗೆ ಅದು ನೀರು ಕುಡಿದಷ್ಟು ಸಲೀಸು. ರತ್ನ ಎಂದರು, ಮಾಣಿಕ್ಯ ಎಂದರು, ತರಕಾರಿಗಳ ಚಕ್ರವರ್ತಿ ಎಂದರು. ಮುಳ್ಳು ನೆಟ್ಟಗೆ ನಿಂತಿತ್ತು. ನಾನೂ ನಾಚಿಕೆ ಬಿಟ್ಟು ಆಲೂಗಡ್ಡೆಯನ್ನು ಹೊಗಳಿದೆ, ನನ್ನ ಜನ್ಮದಲ್ಲಿ ಅದೇ ಮೊದಲು. ಏನೂ ಇಲ್ಲ. “ತಕ್ಕಡಿ ಕೆಟ್ಟಿದೆಯಲ್ಲಮ್ಮ” ಎಂದು ನಕ್ಕು, “ಆದರೂ ಅದ್ಭುತ ಪ್ರಯತ್ನ” ಎಂದು ಹೇಳಿ ಮುಂದೆ ಹೋದರು. ನನ್ನ ಮೈಯೆಲ್ಲ ಉರಿಯಿತು. ತಿಪ್ಪಿಗೆ ಅವರ ನಗು ಕೇಳಿಸಿದಂತೆಯೇ ಇರಲಿಲ್ಲ. “ಕೆಟ್ಟಿಲ್ಲ ಟೀಚರ್. ಇಲ್ಲಿ ಇಷ್ಟೊಂದು ಹೊಗಳ್ತಾರೆ, ಭಾರ ಎಲ್ಲೋ ಬೀಳ್ತಿರಬೇಕು” ಎಂದು ಸುತ್ತ ನೋಡತೊಡಗಿದಳು.

ವೇದಿಕೆಯ ಮೇಲೆ ಮೊದಲ ಬಹುಮಾನ ಹೇಳಿದರು. ಮೂರು ರಾಕೆಟ್ಟಿನಲ್ಲಿ ಯಾವುದಕ್ಕೆ ಎಂದು ಆ ಊರಿನ ದೊಡ್ಡ ಮನುಷ್ಯರೊಬ್ಬರ ಮಗ ಎದ್ದು ನಡೆದಾಗಲೇ ತಿಳಿದದ್ದು. ಭಾಷಣ ಶುರುವಾಯಿತು. ನಮ್ಮ ಪಕ್ಕದ ಮೇಜಿನಲ್ಲಿ ಸುಮನಾ ಎಂಬ ಹುಡುಗಿ ಹೊರಡಲೆಂದು ತನ್ನ ಹಲಗೆಯನ್ನು ಎತ್ತಿಕೊಳ್ಳುತ್ತಿದ್ದಳು. ಬೇರೆ ಬೇರೆ ಬಾವಿಯ ನೀರು ಹಾಕಿ ಹೆಸರುಕಾಳು ಮೊಳೆಸಿದ ಸಣ್ಣ ಸಣ್ಣ ಕುಡಿಕೆಗಳು ಅದರ ಮೇಲಿದ್ದವು. ಯಾವ ಬಾವಿಯ ನೀರಿಗೆ ಮೊಳಕೆ ಸಾಯುತ್ತದೆ ಎಂದು ತಿಂಗಳುಗಟ್ಟಲೆ ನೋಡಿದ್ದಳಂತೆ. ಅದನ್ನು ಯಾರೂ ನಿಂತು ನೋಡಿರಲಿಲ್ಲ. ಅವಳು ಹಲಗೆಯನ್ನು ಅರ್ಧ ಎತ್ತಿ, ಕೈಸೋತು ಮತ್ತೆ ಇಟ್ಟಳು.

ತಿಪ್ಪಿ ಅವಳನ್ನೇ ನೋಡುತ್ತಿದ್ದವಳು ಸಟ್ಟನೆ ಹೋಗಿ, “ಅಕ್ಕ, ಒಂದು ಕುಡಿಕೆ ಕೊಡ್ತೀಯಾ?” ಎಂದಳು. ಆಲೂಗಡ್ಡೆ ತೆಗೆದು ಕರಟದಲ್ಲಿ ಆ ಕುಡಿಕೆಯನ್ನಿಟ್ಟು, ಗುಲಗಂಜಿ ಹಾಕಿ ಸಮ ಮಾಡಿದಳು. ವೇದಿಕೆಯಲ್ಲಿ ರಾಕೆಟ್ಟಿನ ಹುಡುಗನನ್ನು “ಬಾಲವಿಜ್ಞಾನಿ” ಎಂದರು. ಕುಡಿಕೆಯಿದ್ದ ಕರಟ ಕೆಳಗೆ ವಾಲಿತು. ತಿಪ್ಪಿ ಗುಲಗಂಜಿ ಹಾಕಿ ಮತ್ತೆ ಸಮ ಮಾಡಿದಳು. “ಸ್ವಂತ ಪರಿಶ್ರಮ” ಎಂದರು. ಮತ್ತೆ ವಾಲಿತು. “ನ್ಯಾಯಯುತವಾದ ಆಯ್ಕೆ” ಎಂದಾಗ ಕರಟ ಮೇಜಿಗೆ ಬಡಿಯಿತು, ಅವಳ ಚೀಲದ ಗುಲಗಂಜಿಯೆಲ್ಲ ಮುಗಿದುಹೋಯಿತು.

“ನಾನು ತಪ್ಪು ಕಡೆ ತೂಗ್ತಾ ಇದ್ದೆ ಟೀಚರ್” ಎಂದಳು ತಿಪ್ಪಿ. “ಇಲ್ಲಿ ಹೊಗಳಿಸ್ಕೊಂಡೋರ ಮೇಲೆ ಬೀಳಲ್ಲ. ಪಕ್ಕದೋರ ಮೇಲೆ ಬೀಳುತ್ತೆ.”

ಸುಮನಾ ಮುಳ್ಳನ್ನೇ ನೋಡುತ್ತಿದ್ದಳು. “ಪ್ರತಿ ವರ್ಷ ವಾಪಸ್ ಹೋಗುವಾಗ ಹೀಗೇ ಆಗುತ್ತೆ” ಎಂದಳು. “ನನ್ನ ಕೈಯಲ್ಲೇ ಶಕ್ತಿ ಇಲ್ಲ ಅಂದ್ಕೊಂಡಿದ್ದೆ.”

ನಾನು ತೀರ್ಪುಗಾರರನ್ನು ಕರೆದು ತೋರಿಸಬೇಕೆಂದು ಕೂಗಿದೆ. ಅವರು ಫೋಟೋಕ್ಕೆ ನಿಂತಿದ್ದರು. ಆಮೇಲೆ ನಾವು ಮೂವರೂ ಸೇರಿ ಆ ಹಲಗೆಯನ್ನು ಬಸ್ ಸ್ಟ್ಯಾಂಡಿನ ತನಕ ಹೊತ್ತೆವು. ದಾರಿಯಲ್ಲಿ ಎರಡು ಕಡೆ ಇಳಿಸಿ ಸುಧಾರಿಸಿಕೊಂಡೆವು. ಮೂರು ಹಿಡಿ ಹೆಸರುಕಾಳು, ನಾಲ್ಕಾರು ಕುಡಿಕೆ, ಒಂದು ಹಲಗೆ.

ವಾಪಸ್ಸು ಬರುವಾಗ ದೋಣಿಯಲ್ಲಿ ತಿಪ್ಪಿ ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಬಾಯಲ್ಲಿ ಆವತ್ತು ನುಂಗಿಕೊಂಡ ಮಾತೊಂದಿತ್ತು. ಆದರೆ ಆಚೆ ದಡದ ಹೊಗಳಿಕೆಯ ಕಥೆ ನೋಡಿಯಾಗಿತ್ತಲ್ಲ, ಅಲ್ಲಿ ಆಡಿದರೆ ಯಾರ ತಲೆಯ ಮೇಲೆ ಬೀಳುವುದೋ. ದೋಣಿ ನಮ್ಮ ದಡಕ್ಕೆ ತಾಗಿ, ಅವಳು ತಕ್ಕಡಿಯನ್ನು ತಲೆಯ ಮೇಲಿಟ್ಟುಕೊಂಡು ಮೊದಲ ಮೆಟ್ಟಿಲು ಹತ್ತುವ ತನಕ ಕಾದೆ.

“ತಿಪ್ಪಿ” ಎಂದೆ. “ನೀನು ನನಗಿಂತ ಒಳ್ಳೆ ವಿಜ್ಞಾನಿ ಕಣೇ.”

ಅವಳು ಅಲ್ಲೇ ನಿಂತಳು. ಕಾಲು ಒಂದಿಷ್ಟು ಅಲ್ಲಾಡಿಸಿ ನೋಡಿಕೊಂಡಳು.

“ಭಾರ ಆಯ್ತಾ?” ಎಂದು ಕೇಳಿದೆ. ನನಗೆ ನಿಜವಾಗಿಯೂ ಭಯವಾಗಿತ್ತು.

“ಇಲ್ಲ ಟೀಚರ್” ಎಂದಳು. “ಬೇಗ ಹತ್ತಿ. ಅಮ್ಮ ಒಬ್ಬಳೇ ಕೆಮ್ಕೊಂಡು ಬದನೆಕಾಯಿ ತೂಗ್ತಾ ಇರ್ತಾಳೆ.”